ರೆನೊ 18 ಟರ್ಬೊ, ರೆನೊ 21 ಟರ್ಬೊ: ಪದೇ ಪದೇ ಕೇಳುವ ಪ್ರಶ್ನೆಗಳು

ಇವೆರಡೂ ಒಂದೇ ಕಾರಿನ ಹಳೆಯ ಮತ್ತು ಹೊಸ ಮಾದರಿಗಳೇ?

ಅಲ್ಲ. ರೆನೊ 18 ಬಂದದ್ದು 1978ರಲ್ಲಿ, ಅದರ ಟರ್ಬೊ 1980ರಲ್ಲಿ. ಅದರ ಜಾಗಕ್ಕೆ 1986ರಲ್ಲಿ ರೆನೊ 21 ಬಂತು, ಮರುವರ್ಷ 21ರ ಟರ್ಬೊ. ಎರಡೂ ನಾಲ್ಕು ಬಾಗಿಲಿನ ಮನೆಬಳಕೆಯ ಸೆಡಾನ್‌ಗಳೇ. ಎರಡರಲ್ಲೂ ಎಂಜಿನ್ ಉದ್ದಕ್ಕೆ ಕೂತಿದೆ, ಮುಂದಿನ ಚಕ್ರಗಳು ಓಡಿಸುತ್ತವೆ, ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಗ್ಯಾರೆಟ್ ಕಂಪನಿಯ ಟಿ3. ಹೋಲಿಕೆ ಅಲ್ಲಿಗೆ ಮುಗಿಯಿತು. 18ರದ್ದು ಪುಶ್‌ರಾಡ್ (ಉದ್ದ ಸರಳುಗಳು ಕವಾಟ ತೆರೆಯುವ) ಎಂಜಿನ್ನು, ಕಾರ್ಬ್ಯುರೇಟರ್. 21ರದ್ದು ಓವರ್‌ಹೆಡ್ ಕ್ಯಾಮ್, ಕಂಪ್ಯೂಟರ್ ನಿಯಂತ್ರಿಸುವ ಇಂಜೆಕ್ಷನ್. ರಿಪೇರಿಗೆ ಬೇಕಾದ ಕೈಚಳಕವೂ ಬೇರೆ ಬೇರೆ.

ಮನೆಮಂದಿಯ ಕಾರಿಗೆ ರೆನೊ ಟರ್ಬೊ ಯಾಕೆ ಹಾಕಿತು?

1977ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ ಒನ್‌ಗೆ ಮೊದಲ ಟರ್ಬೊ ಕಾರು ಇಳಿಸಿದ್ದು ರೆನೊ. ಮೊದಮೊದಲು ಹೊಗೆ ಉಗುಳುತ್ತಾ ನಿಂತುಬಿಡುತ್ತಿದ್ದ ಆ ಕಾರಿಗೆ 'ಹಳದಿ ಟೀ ಕೆಟಲ್' ಎಂದು ಅಡ್ಡಹೆಸರೂ ಬಿತ್ತು. 1979ರಲ್ಲಿ ಡಿಜಾನ್‌ನಲ್ಲಿ ಜಾನ್ ಪಿಯೆರ್ ಜಬುಯಿ ಗೆದ್ದ ಮೇಲೆ ನಗುವವರ ಬಾಯಿ ಮುಚ್ಚಿತು. ಅದರ ಮರುವರ್ಷವೇ 18 ಟರ್ಬೊ ಮಾರಾಟಕ್ಕೆ ಬಂತು. ಟ್ರ್ಯಾಕಿನಲ್ಲಿ ಗಳಿಸಿದ ಹೆಸರನ್ನು ಅಂಗಡಿಯಲ್ಲಿ ನಗದು ಮಾಡಿಕೊಳ್ಳುವ ಲೆಕ್ಕಾಚಾರ ಅದು.

ಅಂಕಿಗಳಲ್ಲಿ ವ್ಯತ್ಯಾಸವೆಷ್ಟು?

18 ಟರ್ಬೊ: ಎ5ಎಲ್ ಎಂಜಿನ್, 1565 ಸಿಸಿ, ಬೋರ್ 77 ಮಿಮೀ, ಸ್ಟ್ರೋಕ್ 84 ಮಿಮೀ. ಮೊದಲ ಆವೃತ್ತಿಯದು 5000 ಆರ್‌ಪಿಎಂನಲ್ಲಿ 110 ಅಶ್ವಶಕ್ತಿ, 2250ರಲ್ಲೇ 181 ನ್ಯೂಟನ್ ಮೀಟರ್ ಟಾರ್ಕ್, ಗರಿಷ್ಠ ವೇಗ 185 ಕಿಮೀ. 1983ರ ಮಾದರಿಯಿಂದ 125 ಅಶ್ವಶಕ್ತಿ, 195 ಕಿಮೀ.

21 ಟರ್ಬೊ: ಜೆ7ಆರ್ 752 ಎಂಜಿನ್, 1995 ಸಿಸಿ, ಬೋರ್ 88 ಮಿಮೀ, ಸ್ಟ್ರೋಕ್ 82 ಮಿಮೀ. 5200ರಲ್ಲಿ 175 ಅಶ್ವಶಕ್ತಿ, 3000ದಲ್ಲಿ 270 ನ್ಯೂಟನ್ ಮೀಟರ್, ಗರಿಷ್ಠ ವೇಗ 227 ಕಿಮೀ, ನಿಂತಲ್ಲಿಂದ ನೂರಕ್ಕೆ 7.4 ಸೆಕೆಂಡ್. ಆಮೇಲೆ ಬಂದ ಕೆಟಲಿಟಿಕ್ ಕನ್ವರ್ಟರ್ ಇರುವ ಗಾಡಿಗಳಲ್ಲಿ ಶಕ್ತಿ ಕೊಂಚ ಕಡಿಮೆ.

ಓಡಿಸುವಾಗ ಏನು ಗೊತ್ತಾಗುತ್ತದೆ?

18ರಲ್ಲಿ ಟಾರ್ಕ್ ತಳದಲ್ಲೇ ಸಿಗುತ್ತದೆ. ನಾಲ್ಕನೇ ಗೇರಿನಲ್ಲಿ ಗಂಟೆಗೆ 60 ಕಿಮೀ ಹೋಗುವಾಗ ಕಾಲು ಒತ್ತಿದರೆ ಗೊಣಗದೆ ಎಳೆಯುತ್ತದೆ. ಅದರ ದೋಷವೆಂದರೆ ಮೂತಿಯ ಭಾರ. ಎಂಜಿನ್ನು ಮುಂದಿನ ಆಕ್ಸಲ್‌ನಿಂದಲೂ ಮುಂದಕ್ಕೆ ಚಾಚಿಕೊಂಡಿರುವುದರಿಂದ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತದೆ.

21 ಬೇರೆಯೇ ಜಾತಿ. 2500ರವರೆಗೆ ಆಫೀಸಿಗೆ ಹೋಗುವ ಗುಮಾಸ್ತನ ಕಾರಿನಂತೆ ಸುಮ್ಮನಿದ್ದು, ಮುಂದೆ ಒಮ್ಮೆಲೇ ನುಗ್ಗುತ್ತದೆ. ಒದ್ದೆ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಟೈರು ಹಳತಾಗಿದ್ದರೆ ಕೇಳುವುದೇ ಬೇಡ. ಟ್ರೆಡ್ ಎಷ್ಟೇ ಉಳಿದಿರಲಿ, ಹತ್ತು ವರ್ಷದ ಟೈರಿನಲ್ಲಿ ಈ ಗಾಡಿಯನ್ನು ಪರೀಕ್ಷೆಗೂ ಓಡಿಸಬೇಡಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಯಾವುದರ ಬಾಡಿ ಮತ್ತು ಒಳಾಂಗಣ ಚೆನ್ನಾಗಿದೆಯೋ ಅದನ್ನು. ಇದು ಜಾರಿಕೊಳ್ಳುವ ಉತ್ತರವಲ್ಲ. ಎರಡರ ಎಂಜಿನ್ನೂ ಬೇರೆ ರೆನೊಗಳಲ್ಲಿ ಹಂಚಿಹೋಗಿವೆ. ಎ5ಎಲ್ ಫ್ಯೂಗೊ ಟರ್ಬೊದಲ್ಲೂ ಇದೆ, ಅದರ ಮೂಲವಂಶ ರೆನೊ 16ರದ್ದು. ಜೆ ವಂಶದ ಎಂಜಿನ್ ರೆನೊ 25, ಎಸ್ಪಾಸ್‌ಗಳಲ್ಲಿ ಓಡಿದೆ. 21ರ ಯುಎನ್1 ಗೇರ್‌ಬಾಕ್ಸ್ ವಂಶವಂತೂ ಡೆಲೋರಿಯನ್‌ನಲ್ಲೂ 80ರ ದಶಕದ ಕೊನೆಯ ಲೋಟಸ್ ಎಸ್ಪ್ರಿಯಲ್ಲೂ ಇತ್ತು. ಆ ಶ್ರೀಮಂತ ನೆಂಟರ ದೆಸೆಯಿಂದ ಬೇರಿಂಗ್, ಸಿಂಕ್ರೊನೈಸರ್‌ಗಳನ್ನು ಇವತ್ತಿಗೂ ಯಾರಾದರೂ ತಯಾರಿಸುತ್ತಿರುತ್ತಾರೆ. ಆದರೆ ಟರ್ಬೊಗೆಂದೇ ಮಾಡಿದ ಬಂಪರ್, ಸ್ಪಾಯ್ಲರ್, ಸೀಟಿನ ಬಟ್ಟೆ, ಬಾಗಿಲಿನ ಪ್ಯಾನೆಲ್ ಒಮ್ಮೆ ಹೋದರೆ ಹೋದವೇ. ಸತ್ತ ಎಂಜಿನ್ನು, ತುಕ್ಕಿಲ್ಲದ ಬಾಡಿ, ಹರಿಯದ ಸೀಟು ಇರುವ ಗಾಡಿಯೇ ಲಾಭದ ಗಾಡಿ. ಚೆನ್ನಾಗಿ ಓಡುವ, ಆದರೆ ಒಳಗೆ ಕಿತ್ತುಹೋದ ಗಾಡಿ ನಷ್ಟದ್ದು.

ಎರಡೂ ಸಮ ಸ್ಥಿತಿಯಲ್ಲಿದ್ದರೆ? ಸ್ಪ್ಯಾನರ್ ಹಿಡಿದು ತಾವೇ ಕೆಲಸ ಮಾಡುವವರಿಗೆ 18. ಮಲ್ಟಿಮೀಟರ್‌ಗೆ ಹೆದರದವರಿಗೆ, ಹೈವೇಯಲ್ಲಿ ದೂರ ಹೋಗುವವರಿಗೆ 21.

ಅಸಲಿ ಟರ್ಬೊ ಎಂದು ಗುರುತಿಸುವುದು ಹೇಗೆ?

ಬ್ಯಾಡ್ಜು, ಸ್ಪಾಯ್ಲರ್ ಯಾರು ಬೇಕಾದರೂ ಅಂಟಿಸಬಹುದು. ಬಾನೆಟ್ ಕೆಳಗಿನ ತಯಾರಕರ ಪ್ಲೇಟಿನಲ್ಲಿ 18ಕ್ಕೆ 1345, 21ಕ್ಕೆ ಎಲ್485 ಎಂಬ ಟೈಪ್ ಸಂಖ್ಯೆ ಇರಬೇಕು. ಅದು ನೋಂದಣಿ ಪತ್ರದ ಸಂಖ್ಯೆಗೂ ತಾಳೆಯಾಗಬೇಕು. ಎಂಜಿನ್ ಬ್ಲಾಕಿನ ಮೇಲೆ ರಿವೆಟ್ ಹೊಡೆದ ಇನ್ನೊಂದು ಸಣ್ಣ ಪ್ಲೇಟ್ ಇರುತ್ತದೆ, ಬಟ್ಟೆಗೆ ಡೀಸೆಲ್ ಅದ್ದಿ ಒರೆಸಿ ಓದಿ. 21ರಲ್ಲಿ ಇನ್ನೊಂದು ಸುಲಭದ ಗುರುತಿದೆ. 1.7 ಲೀಟರ್ ಗಾಡಿಗಳಲ್ಲಿ ಎಂಜಿನ್ ಅಡ್ಡಕ್ಕೆ, 2 ಲೀಟರ್ ಗಾಡಿಗಳಲ್ಲಿ ಉದ್ದಕ್ಕೆ ಕೂತಿರುತ್ತದೆ. ಇದರಿಂದ ವೀಲ್‌ಬೇಸ್ ಕೂಡ ಬೇರೆ. ಹೀಗಾಗಿ 1.7ರ ಬಾಡಿಯಿಂದ ಟರ್ಬೊ 'ತಯಾರಿಸುವುದು' ಕಷ್ಟ, ಮಾಮೂಲಿ 2 ಲೀಟರ್ ಗಾಡಿಯಿಂದ ಸುಲಭ. ಅನುಮಾನ ಪಡಬೇಕಾದದ್ದು ಎರಡನೆಯದನ್ನು.

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ. ಹೆಡ್ ಬಿಚ್ಚಿ ಹೊಸದು ಹಾಕಿದರೆ ಸಾಕಲ್ಲವೇ?

ನಿಲ್ಲಿ. ಈ ಗಾಡಿಗಳಲ್ಲಿ ಅತಿ ಹೆಚ್ಚು ಎಂಜಿನ್ ಹಾಳಾಗುವುದು ಇಲ್ಲೇ. ಎರಡರದ್ದೂ ಅಲ್ಯೂಮಿನಿಯಂ ಬ್ಲಾಕು, ಒಳಗೆ ಬಿಡಿ ಬಿಡಿಯಾದ ಎರಕದ ಕಬ್ಬಿಣದ ಲೈನರ್‌ಗಳು, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳು. ಲೈನರ್ ಸುತ್ತ ಕೂಲೆಂಟ್ ನೇರವಾಗಿ ಹರಿಯುತ್ತದೆ. ಲೈನರ್ ಬುಡದಲ್ಲಿ ಒಂದು ತೆಳು ಸೀಲು. ಆ ಸೀಲನ್ನು ಒತ್ತಿ ಹಿಡಿದಿರುವುದು ಮೇಲಿನ ಹೆಡ್. ಹೆಡ್ ತೆಗೆದರೆ ಒತ್ತುವವರಿಲ್ಲ. ಲೈನರ್ ಒಂದು ಕೂದಲೆಳೆಯಷ್ಟು ಮೇಲೆದ್ದರೂ ಸೀಲಿನಡಿ ಕಸ ಸೇರಿ, ಜೋಡಿಸಿದ ಮೇಲೆ ಕೂಲೆಂಟ್ ಸೀದಾ ಆಯಿಲ್ ಸಂಪ್‌ಗೆ ಇಳಿಯುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಕೂಲೆಂಟ್ ಪೂರ್ತಿ ಇಳಿಸಿ, ಬ್ಲಾಕಿನ ಡ್ರೈನ್ ಪ್ಲಗ್ ಕೂಡ ತೆಗೆದು. ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. 18ರ ಹೆಡ್ಡನ್ನು ನೇರ ಮೇಲಕ್ಕೆ ಎತ್ತಬಾರದು. ಗ್ಯಾಸ್ಕೆಟ್ ಅಂಟಿಕೊಂಡಿದ್ದರೆ ಲೈನರ್ ಜೊತೆಗೇ ಬರುತ್ತದೆ. ಮರದ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಹೆಡ್ಡು ಲೊಕೇಟಿಂಗ್ ಡವಲ್ ಸುತ್ತ ಕೊಂಚ ತಿರುಗಿ 'ಟಕ್' ಎಂದು ಬಿಟ್ಟುಕೊಂಡ ಮೇಲೆ ಎತ್ತಿ. ಎತ್ತಿದ ತಕ್ಷಣ ದಪ್ಪ ಪಟ್ಟಿ, ವಾಷರ್, ಬೋಲ್ಟು ಬಳಸಿ ನಾಲ್ಕೂ ಲೈನರ್‌ಗಳನ್ನು ಕೆಳಕ್ಕೆ ಬಿಗಿಯಿರಿ. ಅಲ್ಲಿಯವರೆಗೆ ಕ್ರ್ಯಾಂಕ್ ತಿರುಗಿಸುವಂತಿಲ್ಲ, ಗಾಡಿಯನ್ನು ಗೇರಿನಲ್ಲಿಟ್ಟು ತಳ್ಳುವಂತೆಯೂ ಇಲ್ಲ.

ಲೈನರ್ ಅಲುಗಾಡಿದ್ದರೆ ಅರ್ಧ ಕೆಲಸ ಬೇಡ, ಎಂಜಿನ್ ಇಳಿಸಿ ಸೀಲ್ ಬದಲಿಸಿ. ಎ5ಎಲ್‌ನ ಬುಡದ ಸೀಲು ಮೂರು ದಪ್ಪದಲ್ಲಿ ಸಿಗುತ್ತದೆ: 0.08, 0.10, 0.12 ಮಿಮೀ, ನೀಲಿ, ಕೆಂಪು, ಹಸಿರು ಗುರುತಿನವು. ಡಯಲ್ ಗೇಜ್ ಇಟ್ಟು ಲೈನರ್ ಬ್ಲಾಕಿಗಿಂತ ಎಷ್ಟು ಎತ್ತರ ನಿಂತಿದೆ ಎಂದು ಅಳೆದು, ಕೈಪಿಡಿಯ ಮಿತಿಯೊಳಗೆ ಬರುವ ಸೀಲು ಆರಿಸಬೇಕು. ಅಕ್ಕಪಕ್ಕದ ಎರಡು ಲೈನರ್‌ಗಳ ನಡುವೆ 0.04 ಮಿಮೀಗಿಂತ ಹೆಚ್ಚು ಅಂತರ ಬೇಡ. ಈ ಅಳತೆ ತೆಗೆಯದೆ 'ನೋಡಿದರೆ ಗೊತ್ತಾಗುತ್ತೆ ಸಾರ್' ಎನ್ನುವ ಮೆಕ್ಯಾನಿಕ್ಕಿನ ಕೈಗೆ ಎಂಜಿನ್ ಕೊಡಬೇಡಿ.

ಇದೆಲ್ಲಾ ಬರಬಾರದೆಂದರೆ ಅಲ್ಯೂಮಿನಿಯಂಗೆ ಒಗ್ಗುವ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ನಲ್ಲಿ ನೀರು ಲೈನರ್ ಬುಡವನ್ನು ತಿನ್ನುತ್ತದೆ.

ಕೊಳ್ಳುವ ಮುನ್ನ ಟರ್ಬೊ ಪರೀಕ್ಷಿಸುವುದು ಹೇಗೆ?

ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದೇ ಒಂದು ಸೂಚನೆ. ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಕೇಳಿ, ಬಿಸಿಯಾದಂತೆ ಮಾಯವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕುಬಿಟ್ಟಿದೆ ಅಥವಾ ಅದರ ಗ್ಯಾಸ್ಕೆಟ್ ಹೋಗಿದೆ.

ಎಂಜಿನ್ ಆಫ್ ಮಾಡಿ ಟರ್ಬೊದ ಗಾಳಿ ಒಳಬರುವ ಪೈಪು ಕಳಚಿ, ಕಂಪ್ರೆಸರ್ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿಯಿರಿ. ಅಕ್ಕಪಕ್ಕಕ್ಕೆ ಅತಿ ಸಣ್ಣ ಆಟ ಇದ್ದೇ ಇರುತ್ತದೆ, ಶಾಫ್ಟ್ ನಿಂತಿರುವುದು ಎಣ್ಣೆಯ ಪದರದ ಮೇಲೆ. ಆದರೆ ಚಕ್ರದ ಅಂಚು ಹೌಸಿಂಗ್‌ಗೆ ತಾಗಬಾರದು. ಒಳಗೆ ಹೊರಗೆ ಎಳೆದಾಗ ಆಟ ಕೈಗೆ ಗೊತ್ತಾದರೆ ಥ್ರಸ್ಟ್ ಬೇರಿಂಗ್ ಸವೆದಿದೆ. ಇಂಟರ್‌ಕೂಲರ್‌ಗೆ ಹೋಗುವ ಹೋಸಿನಲ್ಲಿ ತೆಳ್ಳಗೆ ಎಣ್ಣೆ ಜಿಡ್ಡಿದ್ದರೆ ಸಹಜ, ಬೆರಳದ್ದುವಷ್ಟು ನಿಂತಿದ್ದರೆ ಅಲ್ಲ. ಹಾಗೆಂದು ಟರ್ಬೊವನ್ನೇ ದೂರಬೇಡಿ. ಎಂಜಿನ್ನಿನ ಬ್ರೀದರ್ ಪೈಪೋ ಟರ್ಬೊದಿಂದ ಸಂಪ್‌ಗೆ ಎಣ್ಣೆ ಇಳಿಯುವ ಪೈಪೋ ಕಟ್ಟಿಕೊಂಡರೂ ಇದೇ ಲಕ್ಷಣ. ಆ ಪೈಪುಗಳನ್ನು ಬಿಡಿಸದೆ ಹೊಸ ಟರ್ಬೊ ಹಾಕಿದವರು ತಿಂಗಳೊಳಗೆ ಮತ್ತೆ ಹೊಗೆ ನೋಡುತ್ತಾರೆ.

18 ಬಿಸಿಯಿದ್ದಾಗ ಸ್ಟಾರ್ಟ್ ಆಗುವುದಿಲ್ಲ. ಯಾಕೆ?

ಪೆಟ್ರೋಲ್ ಹಾಕಿಸಿಕೊಂಡು ಹದಿನೈದು ನಿಮಿಷ ನಿಲ್ಲಿಸಿದರೆ ಸಾಕು, ಟರ್ಬೊ ಕಾವಿಗೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಕುದ್ದು ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಎಂಜಿನ್ ಪೆಟ್ರೋಲಲ್ಲಿ ಮುಳುಗಿದೆ, ಇನ್ನಷ್ಟು ಕುಡಿಸಬೇಡಿ. ಪೆಡಲನ್ನು ನೆಲಕ್ಕೆ ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯಿರಿ, ಪಂಪ್ ಮಾಡಬೇಡಿ. ಕಳೆದುಹೋದ ಹೀಟ್ ಶೀಲ್ಡ್‌ಗಳನ್ನು ಮತ್ತೆ ಹಾಕುವುದೇ ಶಾಶ್ವತ ಪರಿಹಾರ. ಹಿಂದಿನ ಮೆಕ್ಯಾನಿಕ್ಕುಗಳು 'ಅಡ್ಡ ಬರುತ್ತೆ' ಎಂದು ಕಿತ್ತೆಸೆದಿರುತ್ತಾರೆ.

18 ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬಂದಾಗ ಮಿಸ್ಸಿಂಗ್ ಹೊಡೆಯುತ್ತದೆ.

ಇದರ ಕಾರ್ಬ್ಯುರೇಟರ್ ಟರ್ಬೊ ನಂತರ ಇದೆ, ಅಂದರೆ ಒತ್ತಡದ ಗಾಳಿ ಅದರೊಳಗೇ ಹಾಯುತ್ತದೆ. ಬಟ್ಟಲಿನ ಮೇಲೂ ಅದೇ ಒತ್ತಡ. ಪೆಟ್ರೋಲ್ ಒಳಹೋಗಬೇಕೆಂದರೆ ಅದರ ಒತ್ತಡ ಬೂಸ್ಟ್‌ಗಿಂತ ಸದಾ ಸುಮಾರು 0.25 ಬಾರ್ ಹೆಚ್ಚಿರಬೇಕು. ಪಂಪು ಸೋತಿದ್ದರೆ, ಫಿಲ್ಟರ್ ಕಟ್ಟಿದ್ದರೆ, ರೆಗ್ಯುಲೇಟರಿಗೆ ಬೂಸ್ಟ್ ತಿಳಿಸುವ ಸಣ್ಣ ಹೋಸು ಬಿರಿದಿದ್ದರೆ, ಬೇಕಾದಾಗಲೇ ಪೆಟ್ರೋಲ್ ಕಡಿಮೆಯಾಗುತ್ತದೆ. ಇದನ್ನು ಹಾಗೇ ಓಡಿಸಿದರೆ ಪಿಸ್ಟನ್ ಕರಗುತ್ತದೆ. ಪೆಟ್ರೋಲ್ ಪೈಪಿಗೆ ಮೂರು ದಾರಿಯ ಜೋಡಣೆ ಹಾಕಿ, ಗೇಜು ಕೂಡಿಸಿ, ಬೂಸ್ಟಿನಲ್ಲಿ ಇಬ್ಬರು ಕೂತು ಅಳೆಯಿರಿ. ಒಬ್ಬರು ಓಡಿಸಲಿ, ಒಬ್ಬರು ಓದಲಿ. ಪೆಟ್ರೋಲ್ ಒತ್ತಡವಿರುವ ಹೋಸನ್ನು ಮಾತ್ರ ಕ್ಯಾಬಿನ್ನಿನೊಳಗೆ ತರಬೇಡಿ, ಗೇಜನ್ನು ವೈಪರ್ ಬಳಿ ಗಾಜಿನ ಹೊರಗೆ ಕಟ್ಟಿ.

21 ಚೆನ್ನಾಗಿ ಓಡುತ್ತಿದ್ದು ಬಿಸಿಯಾದ ಮೇಲೆ ದಿಢೀರ್ ನಿಲ್ಲುತ್ತದೆ, ತಣಿದರೆ ಮತ್ತೆ ಸ್ಟಾರ್ಟ್.

ರೆನಿಕ್ಸ್ ಎಂಬ ಎಂಜಿನ್ ಕಂಪ್ಯೂಟರ್ ವ್ಯವಸ್ಥೆಯ ಹಳೇ ಕಾಯಿಲೆ. ಗೇರ್‌ಬಾಕ್ಸಿನ ಬೆಲ್ ಹೌಸಿಂಗ್ ಮೇಲೆ ಫ್ಲೈವೀಲಿನ ಹಲ್ಲು ಎಣಿಸುವ ಸೆನ್ಸರ್ ಇದೆ. ಅದು ಸಿಗ್ನಲ್ ಕೊಡದಿದ್ದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಕನೆಕ್ಟರ್ ಬಿಚ್ಚಿ ಅಳೆದರೆ ಸುಮಾರು 200 ಓಮ್ ಬರಬೇಕು. ತಣ್ಣಗಿದ್ದಾಗ ಸರಿ ತೋರಿಸಿ ಬಿಸಿಯಲ್ಲಿ ತೆರೆದುಕೊಳ್ಳುವ ಸೆನ್ಸರ್‌ಗಳೇ ಹೆಚ್ಚು, ಹೀಗಾಗಿ ಗಾಡಿ ನಿಂತ ಕೂಡಲೇ ಅಳೆಯಿರಿ. ಹಣ ಸುರಿಯುವ ಮುನ್ನ ಕನೆಕ್ಟರಿನ ಪಿನ್ನುಗಳನ್ನು ಕ್ಲೀನರ್ ಹಾಕಿ ತೊಳೆದು ಕೊಂಚ ಬಿಗಿ ಮಾಡಿ, ಸೆನ್ಸರ್ ತುದಿಯ ಕಬ್ಬಿಣದ ಪುಡಿ ಒರೆಸಿ. ಅರ್ಧಕ್ಕೂ ಹೆಚ್ಚು ಸಲ ಅಷ್ಟೇ ಸಾಕಾಗುತ್ತದೆ. ಸೆನ್ಸರನ್ನು ಹಿಡಿದಿರುವ ಎರಡು ಬೋಲ್ಟುಗಳು ಭುಜವಿರುವ ವಿಶೇಷ ಬೋಲ್ಟುಗಳು, ಫ್ಲೈವೀಲಿಗೆ ಇರಬೇಕಾದ ಅಂತರ ಕಾಯುವುದೇ ಅವು. ಡಬ್ಬಿಯಲ್ಲಿ ಸಿಕ್ಕ ಬೇರೆ ಬೋಲ್ಟು ಹಾಕಿದರೆ ಸೆನ್ಸರ್ ಹೊಸದಾದರೂ ಗಾಡಿ ಸ್ಟಾರ್ಟ್ ಆಗದು.

21 ಕಪ್ಪು ಹೊಗೆ ಬಿಡುತ್ತದೆ, ಐಡಲ್ ನಿಲ್ಲುವುದಿಲ್ಲ.

ಒತ್ತಡದ ಸೆನ್ಸರಿಗೆ ಹೋಗುವ ಸಣ್ಣ ಹೋಸು ನೋಡಿ. ಅದು ಬಿರಿದರೆ ಐಡಲ್‌ನಲ್ಲೂ ಸೆನ್ಸರಿಗೆ ಹೊರಗಾಳಿಯ ಒತ್ತಡವೇ ಕಾಣುತ್ತದೆ. ಎಂಜಿನ್ ಪೂರ್ತಿ ಭಾರದಲ್ಲಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಬೂಸ್ಟಿನಲ್ಲಿ ಇದೇ ಬಿರುಕು ತಿರುಗಾಮುರುಗಾ ಕೆಲಸ ಮಾಡಿ ಪೆಟ್ರೋಲ್ ಕಡಿಮೆ ಕೊಡಿಸುತ್ತದೆ. ಅದೇ ಅಪಾಯ. ಅರ್ಧ ಮೀಟರ್ ಹೋಸಿನ ಬೆಲೆಗೆ ಎಂಜಿನ್ ಉಳಿಯುತ್ತದೆ.

ಟೈಮಿಂಗ್ ಬೆಲ್ಟ್ ಎಷ್ಟಕ್ಕೆ ಬದಲಿಸಬೇಕು?

18ರಲ್ಲಿ ಚೈನ್, ಸದ್ದು ಮಾಡಿದಾಗ ನೋಡಿದರೆ ಸಾಕು. 21ರಲ್ಲಿ ಬೆಲ್ಟ್. ಕಿಲೋಮೀಟರ್ ಲೆಕ್ಕ ಮರೆತುಬಿಡಿ, ಐದು ವರ್ಷಕ್ಕೊಮ್ಮೆ ಟೆನ್ಶನರ್ ಸಮೇತ ಬದಲಿಸಿ. ಬಿಲ್ಲು ಕೈಯಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ತುಕ್ಕು ಎಲ್ಲೆಲ್ಲಿ?

18: ಸಿಲ್‌ಗಳು (ಬಾಗಿಲಿನ ಕೆಳಗಿನ ಪಟ್ಟಿಗಳು), ಮುಂದಿನ ಫೆಂಡರಿನ ಹಿಂಬದಿ ಅಂಚು, ಹಿಂದಿನ ಚಕ್ರದ ಕಮಾನು, ನೆಲದ ಮೂಲೆಗಳು. 21: ಹಿಂದಿನ ಕಮಾನು, ಸನ್‌ರೂಫ್ ನೀರು ಇಳಿಯುವ ದಾರಿ, ಮತ್ತು ಮುಖ್ಯವಾಗಿ ಪ್ಲಾಸ್ಟಿಕ್ ಸ್ಕರ್ಟಿನ ಹಿಂದೆ. ಸ್ಕರ್ಟು ಹೊಳೆಯುತ್ತಿರುತ್ತದೆ, ಅದರ ಹಿಂದಿನ ಸಿಲ್ಲಿನಲ್ಲಿ ಕೈ ತೂರುವಷ್ಟು ತೂತಿರುತ್ತದೆ. ಕೆಳಗಿನಿಂದ ಟಾರ್ಚ್ ಬಿಟ್ಟು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಸದ್ದು ಕೇಳಿ.

21ರ ಹಿಂಭಾಗ ಕುಸಿದಿದೆ. ಸ್ಪ್ರಿಂಗ್ ಬದಲಿಸಬಹುದೇ?

ಬದಲಿಸಲು ಕಾಯಿಲ್ ಸ್ಪ್ರಿಂಗೇ ಇಲ್ಲ, ಹಿಂದೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್‌ಗಳಿವೆ. ಬಾರ್ ಹೊರತೆಗೆದು ಹಲ್ಲು ಬದಲಿಸಿ ಮತ್ತೆ ಕೂರಿಸಿ ಎತ್ತರ ಹೊಂದಿಸಬೇಕು. ತುಕ್ಕು ಹಿಡಿದು ಬಾರ್ ಕಚ್ಚಿಕೊಂಡಿದ್ದರೆ ಸ್ಲೈಡ್ ಹ್ಯಾಮರ್ ಮತ್ತು ಎರಡು ದಿನದ ತಾಳ್ಮೆ ಬೇಕು. 18ರಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್, ಮಧ್ಯಾಹ್ನದೊಳಗೆ ಮುಗಿಯುವ ಕೆಲಸ.

21ರಲ್ಲಿ ನಾಲ್ಕೂ ಚಕ್ರ ಓಡಿಸುವ ಕ್ವಾಡ್ರಾ ಮಾದರಿ ಕೊಳ್ಳಬಹುದೇ?

ಹಿಮದ ಊರಿನಲ್ಲಿದ್ದರೆ ಅದರಷ್ಟು ಮಜಾ ಇನ್ನೊಂದಿಲ್ಲ. ಆದರೆ ಅದರ ಹಿಂದಿನ ಸಸ್ಪೆನ್ಶನ್ ಬೇರೆ, ವಿಸ್ಕಸ್ ಕಪ್ಲಿಂಗ್ ಬೇರೆ, ಬಿಡಿಭಾಗ ಸಿಗುವುದು ಇನ್ನೊಂದು ಕ್ವಾಡ್ರಾ ಗುಜರಿಗೆ ಬಿದ್ದಾಗ ಮಾತ್ರ. ಎರಡನೇ ಗಾಡಿ ಬಿಡಿಭಾಗಕ್ಕೆಂದೇ ಇಟ್ಟುಕೊಳ್ಳುವಷ್ಟು ಜಾಗವಿದ್ದರೆ ಯೋಚಿಸಿ.

ಬೂಸ್ಟ್ ಹೆಚ್ಚಿಸಿದರೆ?

ಬೂಸ್ಟಿಗೆ ಮಿತಿ ಹಾಕುವ ವೇಸ್ಟ್‌ಗೇಟ್ ಕವಾಟದ ರಾಡ್ ಎರಡು ಸುತ್ತು ತಿರುಗಿಸಿದರೆ ಪಿಕಪ್ ಬರುತ್ತದೆ, ನಿಜ. ಪೆಟ್ರೋಲ್ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ, ಅದೂ ನಿಜ. ಮುಂದಿನದು ಮೆಷಿನ್ ಶಾಪಿನ ಬಿಲ್ಲು.

ಯಾವ ಪೆಟ್ರೋಲ್, ಯಾವ ಆಯಿಲ್?

98 ಆಕ್ಟೇನ್, ಎಥನಾಲ್ 5 ಶೇಕಡಾ ಮೀರದ್ದು. 10 ಶೇಕಡಾದ್ದು ಹಳೆಯ ರಬ್ಬರ್ ಹೋಸನ್ನು ಮೆತ್ತಗೆ ಮಾಡಿ ಬೆವರಿಸುತ್ತದೆ. ಎಂಜಿನ್ ಕೋಣೆಯ ಹೋಸೆಲ್ಲಾ ಎಥನಾಲ್ ತಡೆಯುವ ಹೊಸವಕ್ಕೆ ಬದಲಿಸಿ. ಆಯಿಲ್ 10ಡಬ್ಲ್ಯು40, 5000 ಕಿಮೀಗೆ ಅಥವಾ ವರ್ಷಕ್ಕೊಮ್ಮೆ ಫಿಲ್ಟರ್ ಸಮೇತ. ಜೋರಾಗಿ ಓಡಿಸಿ ಬಂದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಇಲ್ಲದಿದ್ದರೆ ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಬೆಂದು ಇದ್ದಿಲಾಗುತ್ತದೆ, ಹೆಂಚಿನ ಮೇಲೆ ಬಿಟ್ಟ ಎಣ್ಣೆಯ ಹಾಗೆ.

21ರ ರಿಮೋಟ್ ಕೆಲಸ ಮಾಡುವುದಿಲ್ಲ.

ಅದು ಇನ್‌ಫ್ರಾರೆಡ್, ಟಿವಿ ರಿಮೋಟಿನ ಜಾತಿ. ಬ್ಯಾಟರಿ ಬದಲಿಸಿ, ಒಳಗಿನ ರಿಸೀವರ್ ಕಡೆಗೆ ನೇರ ಹಿಡಿದು ಒತ್ತಿ. ಇದನ್ನು ರೂಪಿಸಿದ ಪಾಲ್ ಲಿಪ್‌ಶುಟ್ಜ್ ಅವರ ಹೆಸರಿನಿಂದಲೇ ಫ್ರಾನ್ಸಿನಲ್ಲಿ ಇಂದಿಗೂ ಕಾರಿನ ರಿಮೋಟಿಗೆ 'ಪ್ಲಿಪ್' ಎನ್ನುತ್ತಾರೆ.

ಯುರೋಪಿನಲ್ಲಿರುವ ಕನ್ನಡಿಗರಿಗೆ ನೋಂದಣಿಯಲ್ಲಿ ರಿಯಾಯಿತಿ ಇದೆಯೇ? ಊರಿಗೆ ತರಬಹುದೇ?

ಫ್ರಾನ್ಸಿನಲ್ಲಿ 30 ವರ್ಷ ದಾಟಿದ ಗಾಡಿಗೆ ಸಂಗ್ರಹಯೋಗ್ಯ ವಾಹನದ ನೋಂದಣಿ ಸಿಗುತ್ತದೆ, ಆಗ ತಪಾಸಣೆ ಐದು ವರ್ಷಕ್ಕೊಮ್ಮೆ. ಜರ್ಮನಿಯಲ್ಲೂ 30 ವರ್ಷಕ್ಕೆ ಹಳೆಯ ಗಾಡಿಗಳ ಎಚ್ ಪ್ಲೇಟ್, ಆದರೆ ಗಾಡಿ ಮೂಲ ರೂಪದಲ್ಲಿದೆ ಎಂದು ಪರಿಣತರ ವರದಿ ಬೇಕು. ದೊಡ್ಡ ಅಲಾಯ್ ಹಾಕಿದ 21ಗಳು ಎಡವುವುದು ಇಲ್ಲೇ. ಬ್ರಿಟನ್ನಿನಲ್ಲಿ ಮಿತಿ 40 ವರ್ಷ.

ಭಾರತಕ್ಕೆ ತರುವ ಆಸೆ ಸದ್ಯಕ್ಕೆ ಬಿಡಿ. ನಮ್ಮಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಬೇಕು. ಮೊದಲ 18 ಟರ್ಬೊಗೂ ಆ ವಯಸ್ಸು ಬರುವುದು 2030ಕ್ಕೆ.

ಚಳಿಗಾಲದಲ್ಲಿ ನಾಲ್ಕು ತಿಂಗಳು ನಿಲ್ಲಿಸಿಡಬೇಕು. ಏನು ಮಾಡಲಿ?

ಆಯಿಲ್ ಬದಲಿಸಿ ನಿಲ್ಲಿಸಿ, ಎದ್ದ ಮೇಲೆ ಬದಲಿಸುತ್ತೇನೆ ಅನ್ನಬೇಡಿ. ಹಳೆ ಆಯಿಲಿನ ಆಮ್ಲ ಬೇರಿಂಗ್ ತಿನ್ನುವುದು ನಿಂತಿರುವಾಗಲೇ. ಟ್ಯಾಂಕ್ ತುಂಬಿಸಿ, ಬ್ಯಾಟರಿ ಕಳಚಿ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಅಡ್ಡ ಕೊಡಿ. ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುವುದು ಒಳ್ಳೆಯದಲ್ಲ, ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಮತ್ತೆ ತೆಗೆಯುವ ದಿನ 18ರಲ್ಲಿ ಇಗ್ನಿಷನ್ ಕಾಯಿಲಿನ ವೈರ್ ಕಳಚಿ, 21ರಲ್ಲಿ ಫ್ಲೈವೀಲ್ ಸೆನ್ಸರಿನ ಕನೆಕ್ಟರ್ ಕಳಚಿ, ಆಯಿಲ್ ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಟರ್ಬೊಗೆ ಎಣ್ಣೆ ತಲುಪಿದ ಮೇಲೆ ವೈರ್ ಜೋಡಿಸಿ ಸ್ಟಾರ್ಟ್ ಮಾಡಿ.